ಹಳೆಯ ಮಿಯಾಟಾ ಕಾರಿನಲ್ಲಿ ಕಣ್ಣಿಗೆ ಬೀಳದ ಸಬ್‌ವೂಫರ್: ಅಳತೆಯಿಂದ ಶ್ರುತಿಯವರೆಗೆ

1989ರ ಫೆಬ್ರವರಿಯಲ್ಲಿ ಶಿಕಾಗೊ ಮೋಟಾರು ಪ್ರದರ್ಶನದಲ್ಲಿ ಮಾಜ್ದಾ ಎಂಎಕ್ಸ್-5 ಮಿಯಾಟಾ ಮೊದಲ ಬಾರಿ ಕಾಣಿಸಿಕೊಂಡಿತು. ಎರಡೇ ಸೀಟು, ಬಟ್ಟೆಯ ಮೇಲ್ಛಾವಣಿ, ಒಂದು ಟನ್ನಿಗಿಂತ ಕಡಿಮೆ ತೂಕ. 1997ರವರೆಗೆ ಬಂದ ಈ ಮೊದಲ ತಲೆಮಾರಿನ ಕಾರುಗಳನ್ನು ಎನ್‌ಎ ಎಂದು ಗುರುತಿಸುತ್ತಾರೆ. ನಾಲ್ಕು ಲಕ್ಷಕ್ಕೂ ಹೆಚ್ಚು ತಯಾರಾದವು. ಭಾರತದಲ್ಲಿ ಇದನ್ನು ಕಂಪನಿ ಮಾರಲೇ ಇಲ್ಲ. ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ಆಸ್ಟ್ರೇಲಿಯಾದಲ್ಲೋ ನೆಲೆಸಿರುವ ಕನ್ನಡಿಗರಿಗೆ ಮಾತ್ರ ಇದು ಕೈಗೆಟಕುವ ಹಳೆಯ ಸ್ಪೋರ್ಟ್ಸ್ ಕಾರು.

ಎಕ್ಸಾಸ್ಟ್ ಹೇಗೆ ಕೇಳಿಸಬೇಕು ಎಂಬುದನ್ನೂ ಬೇಕೆಂದೇ ಶ್ರುತಿ ಮಾಡಿದ್ದ ಎಂಜಿನಿಯರುಗಳು ಸಂಗೀತಕ್ಕೆ ಕೊಟ್ಟ ಜಾಗ ತೀರಾ ಕಡಿಮೆ. ಬಾಗಿಲುಗಳಲ್ಲಿ ಆರೂವರೆ ಇಂಚಿನ ಎರಡು ಸ್ಪೀಕರ್‌ಗಳಿವೆ. ಛಾವಣಿ ತೆರೆದು ಹೆದ್ದಾರಿಗೆ ಇಳಿದರೆ ಗಾಳಿಯ ಮತ್ತು ಟೈರಿನ ಸದ್ದು ಮೊದಲು ನುಂಗುವುದೇ ಮಂದ್ರ ಸ್ವರಗಳನ್ನು. ಹಾಡಿನ ಮೇಲ್ಪದರ ಉಳಿಯುತ್ತದೆ, ಕೆಳಗಿನ ನೆಲ ಕುಸಿಯುತ್ತದೆ. ಧ್ವನಿ ಏರಿಸಿದರೆ ಕಿವಿ ನೋಯುತ್ತದೆಯೇ ಹೊರತು ಮಂದ್ರ ಮರಳಿ ಬರುವುದಿಲ್ಲ. ಅದಕ್ಕೆ ಬೇರೆಯೇ ಒಂದು ಶಂಕು (ಸ್ಪೀಕರಿನ ಕೋನ್) ಬೇಕು, ಅಂದರೆ ಮಂದ್ರವನ್ನಷ್ಟೇ ನುಡಿಸುವ ಸಬ್‌ವೂಫರ್.

ಮುಂದಿನ ಪ್ರತಿಯೊಂದು ನಿರ್ಧಾರಕ್ಕೂ ನಾನು ಇಟ್ಟುಕೊಂಡಿರುವ ನಿಯಮ ಒಂದೇ: ಕಾರಿನ ಲೋಹದಲ್ಲಿ ಒಂದೂ ಹೊಸ ರಂಧ್ರ ಕೊರೆಯಬಾರದು, ಮೂಲ ಕಾರ್ಪೆಟ್ಟಿಗೆ ಕತ್ತರಿ ತಾಗಬಾರದು, ನಾಳೆ ಯಾರಾದರೂ ಎಲ್ಲವನ್ನೂ ಬಿಚ್ಚಿದರೆ ಕಾರು ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿರಬೇಕು. ಮೂವತ್ತು ವರ್ಷ ತುಕ್ಕಿನಿಂದ ತಪ್ಪಿಸಿಕೊಂಡು ಬಂದ ಮೈಗೆ ನಮ್ಮ ಡ್ರಿಲ್ಲಿನಿಂದ ಗಾಯವಾಗುವುದು ನನಗೆ ಒಪ್ಪಿಗೆಯಿಲ್ಲ.

ಎಲ್ಲಿ ಇಡುವುದು?

ಹೊಸಬರು ಮೊದಲು ನೋಡುವುದು ಡಿಕ್ಕಿಯನ್ನು. ಅಲ್ಲಿ ಇಡಬೇಡಿ. ಎನ್‌ಎ ಕಾರಿನಲ್ಲಿ ಡಿಕ್ಕಿಗೂ ಕ್ಯಾಬಿನ್ನಿಗೂ ನಡುವೆ ಉಕ್ಕಿನ ಗೋಡೆಯಿದೆ. ಆ ನಡುವಿನ ಜಾಗದಲ್ಲೇ, ಸೀಟುಗಳ ಹಿಂದೆ, ಹಿಂದಿನ ಚಕ್ರಗಳ ಅಚ್ಚಿನ (ಆಕ್ಸಲ್) ಮೇಲ್ಭಾಗದಲ್ಲಿ ಪೆಟ್ರೋಲ್ ಟ್ಯಾಂಕ್ ಕೂತಿದೆ. ಡಿಕ್ಕಿಯಲ್ಲಿಟ್ಟ ಸಬ್‌ವೂಫರ್ ನಂಬರ್ ಪ್ಲೇಟನ್ನು ಗಡಗಡಿಸುತ್ತದೆ, ಹಿಂದೆ ಬರುವ ಕಾರಿನವರಿಗೆ ಚೆನ್ನಾಗಿ ಕೇಳಿಸುತ್ತದೆ, ನಿಮಗೆ ಸಿಗುವುದು ಅದರ ಅಲ್ಪ ಭಾಗ. ಗೋಡೆಯಲ್ಲಿ ಕಿಂಡಿ ತೆಗೆಯುವ ಯೋಚನೆ ಬಂದರೆ, ಟ್ಯಾಂಕ್ ಎಲ್ಲಿದೆ ಎಂಬುದನ್ನು ಮತ್ತೊಮ್ಮೆ ನೆನಪಿಸಿಕೊಳ್ಳಿ.

ಸೀಟಿನ ಅಡಿ? ಆಂಪ್ಲಿಫೈಯರ್ ಒಳಗೇ ಇರುವ ತೆಳುವಾದ ಸಬ್‌ವೂಫರ್‌ಗಳು ಬೇರೆ ಕಾರುಗಳಿಗೆ ಒಳ್ಳೆಯ ಉಪಾಯ. ಇಲ್ಲಿ ಸೀಟು ನೆಲಕ್ಕೆ ಎಷ್ಟು ಹತ್ತಿರ ಎಂದರೆ ಹಳಿಗಳ ನಡುವೆ ಅಂಗೈ ತೂರಿಸುವುದೇ ಕಷ್ಟ. ಸೀಟಿನ ಹಿಂದಿನ ಜಾಗವನ್ನು ಬಳಸಿದರೆ ಎತ್ತರದ ಚಾಲಕರು ಸೀಟನ್ನು ಹಿಂದಕ್ಕೆ ಸರಿಸಲಾರರು.

ಉಳಿಯುವುದು ಪ್ರಯಾಣಿಕರು ಕಾಲು ಚಾಚುವ ಕುಳಿಯ ತುದಿ, ಅಂದರೆ ಪಾದದ ಎದುರಿನ ಇಳಿಜಾರು ಗೋಡೆ. ಡ್ಯಾಶ್‌ಬೋರ್ಡಿನ ನೆರಳು ಅಲ್ಲಿ ಸದಾ ಬಿದ್ದಿರುತ್ತದೆ. ಅದೇ ಬಣ್ಣದ ಕಾರ್ಪೆಟ್ ಸುತ್ತಿದ ಪೆಟ್ಟಿಗೆಯನ್ನು ಅಲ್ಲಿ ಕೂರಿಸಿದರೆ, ಬಗ್ಗಿ ನೋಡದವರಿಗೆ ಅದು ಕಾಣುವುದೇ ಇಲ್ಲ. ಶಬ್ದದ ಲೆಕ್ಕದಲ್ಲೂ ಜಾಗ ಒಳ್ಳೆಯದು: 80 ಹರ್ಟ್ಸ್ ಸ್ವರದ ಒಂದು ಅಲೆಯ ಉದ್ದ ಸುಮಾರು 4.3 ಮೀಟರ್, ಕಾರಿನ ಒಟ್ಟು ಉದ್ದಕ್ಕಿಂತಲೂ ಹೆಚ್ಚು. ಅಷ್ಟು ಉದ್ದದ ಅಲೆ ಯಾವ ಮೂಲೆಯಿಂದ ಬಂತು ಎಂದು ಕಿವಿ ಹೇಳಲಾರದು. ಬಾಗಿಲಿನ ಸ್ಪೀಕರ್‌ಗಳು ಪಕ್ಕದಲ್ಲೇ ಇರುವುದರಿಂದ ಮಂದ್ರವೂ ಮುಂದಿನಿಂದಲೇ ಬಂದಂತೆ ಕೇಳಿಸುತ್ತದೆ.

ತೆರಬೇಕಾದ ಬೆಲೆ ಒಂದಿದೆ. ಪ್ರಯಾಣಿಕರ ಪಾದದ ಬಳಿ ಸರಾಸರಿ ಹತ್ತು ಸೆಂಟಿಮೀಟರ್ ಜಾಗ ಹೋಗುತ್ತದೆ. ನಿಮ್ಮ ಪಕ್ಕದಲ್ಲಿ ದಿನವೂ ಕೂರುವವರು ಆರಡಿ ಎತ್ತರದವರಾದರೆ, ಅಷ್ಟೇ ದಪ್ಪದ ಥರ್ಮೋಕೋಲ್ ತುಂಡನ್ನು ಅಲ್ಲಿಟ್ಟು ಮೊದಲು ಅವರನ್ನು ಕೂರಿಸಿ ಕೇಳಿ. ಅವರು ಒಪ್ಪಿದ ಮೇಲೆಯೇ ಸಾಮಾನು ತರಿಸಿ.

ಸಾಮಾನು ಮತ್ತು ಅದರ ಲೆಕ್ಕ

ಎಂಟು ಇಂಚಿನ, ಕಡಿಮೆ ಆಳದ ಸಬ್‌ವೂಫರ್ ಸಾಕು. ಕೂರಿಸುವ ಆಳ 65ರಿಂದ 90 ಮಿಲಿಮೀಟರ್ ಒಳಗಿರಲಿ. ಶಂಕು ಪಾಲಿಪ್ರೊಪಿಲೀನ್‌ನದ್ದಾಗಿರಲಿ, ಕಾಗದದ್ದು ಬೇಡ. ಬಟ್ಟೆಯ ಛಾವಣಿಯ ಕಾರಿನೊಳಗೆ ಒಂದಲ್ಲ ಒಂದು ದಿನ ನೀರು ಬಂದೇ ಬರುತ್ತದೆ.

ಪೆಟ್ಟಿಗೆ ಪೂರ್ತಿ ಮುಚ್ಚಿದ್ದಿರಲಿ. ರಂಧ್ರವಿರುವ ಪೆಟ್ಟಿಗೆ ಹೆಚ್ಚು ಸದ್ದು ಮಾಡಬಹುದು, ಆದರೆ ಅದಕ್ಕೆ ಬೇಕಾದ ಗಾತ್ರ ಇಲ್ಲಿ ಸಿಗುವುದಿಲ್ಲ. ಮುಚ್ಚಿದ ಪೆಟ್ಟಿಗೆಯ ಗಾತ್ರ ತಿಳಿಯಲು ಸ್ಪೀಕರಿನ ಕೈಪಿಡಿಯಲ್ಲಿರುವ ಎರಡು ಸಂಖ್ಯೆಗಳು ಸಾಕು, ಕ್ಯೂಟಿಎಸ್ (Qts, ಶಂಕಿನ ಅಲುಗಾಟ ಎಷ್ಟು ಬೇಗ ತಣಿಯುತ್ತದೆ ಎಂಬುದರ ಅಳತೆ) ಮತ್ತು ವಿಎಎಸ್ (Vas, ಶಂಕಿನ ಹಿಡಿತದ ಮೃದುತನಕ್ಕೆ ಸಮನಾದ ಗಾಳಿಯ ಗಾತ್ರ). ವಿಎಎಸ್ ಅನ್ನು ಪೆಟ್ಟಿಗೆಯ ಒಳಗಾತ್ರದಿಂದ ಭಾಗಿಸಿ, ಒಂದು ಕೂಡಿಸಿ, ಬಂದದ್ದರ ವರ್ಗಮೂಲವನ್ನು ಕ್ಯೂಟಿಎಸ್‌ನಿಂದ ಗುಣಿಸಿ. ಉತ್ತರ 0.7ರ ಆಸುಪಾಸಿನಲ್ಲಿದ್ದರೆ ಮಂದ್ರ ಸಮವಾಗಿಯೂ ಬಿಗಿಯಾಗಿಯೂ ಇರುತ್ತದೆ. ಉದಾಹರಣೆಗೆ ಕ್ಯೂಟಿಎಸ್ 0.5, ವಿಎಎಸ್ 10 ಲೀಟರ್, ಪೆಟ್ಟಿಗೆಯೂ 10 ಲೀಟರ್ ಎಂದಿಟ್ಟುಕೊಳ್ಳಿ: 0.5ನ್ನು ಎರಡರ ವರ್ಗಮೂಲದಿಂದ ಗುಣಿಸಿದರೆ 0.707. ಉತ್ತರ ಒಂದನ್ನು ದಾಟಿದರೆ ಒಂದೇ ಸ್ವರ ಗುಂಯ್‌ಗುಡುವ, ತಾಳ ಕಲಸುವ ಮಂದ್ರ ಸಿಗುತ್ತದೆ. ಈ ಕಾಲ್ಕುಳಿಯಲ್ಲಿ 40 ಸೆಂಟಿಮೀಟರ್ ಅಗಲ, 35 ಎತ್ತರ, ಸರಾಸರಿ 10 ದಪ್ಪದ ಪೆಟ್ಟಿಗೆಗೆ ಹೊರಗಾತ್ರ 14 ಲೀಟರ್; ಗೋಡೆಗಳ ದಪ್ಪವನ್ನೂ ಸ್ಪೀಕರಿನ ಬೆನ್ನನ್ನೂ ಕಳೆದರೆ ಹೆಚ್ಚುಕಡಿಮೆ 10 ಲೀಟರ್ ಉಳಿಯುತ್ತದೆ. ಆದ್ದರಿಂದ 8ರಿಂದ 11 ಲೀಟರಿಗೆ ಹೊಂದುವ ಸ್ಪೀಕರನ್ನೇ ಹುಡುಕಿ.

ಆಂಪ್ಲಿಫೈಯರ್ ಒಂದೇ ಚಾನೆಲ್ಲಿನ, ಡಿ ವರ್ಗದ, ಆರ್‌ಎಂಎಸ್ (ಎಡೆಬಿಡದೆ ಕೊಡಬಲ್ಲ ಶಕ್ತಿಯ) ಲೆಕ್ಕದಲ್ಲಿ 150ರಿಂದ 200 ವ್ಯಾಟ್‌ನದ್ದು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ ಸಾವಿರಾರು ವ್ಯಾಟ್‌ಗಳನ್ನು ನಂಬಬೇಡಿ. 200 ವ್ಯಾಟ್ ಹೊರಬರಲು ಶೇ 80ರ ದಕ್ಷತೆಯಲ್ಲಿ 250 ವ್ಯಾಟ್ ಒಳಹೋಗಬೇಕು, 13.5 ವೋಲ್ಟ್‌ನಲ್ಲಿ ಅದು ಸುಮಾರು 18.5 ಆಂಪಿಯರ್. ಹಳೆಯ ಕಾರಿನ ಆಲ್ಟರ್ನೇಟರ್ ಚಿಕ್ಕದು. ಹೆಡ್‌ಲೈಟ್, ಫ್ಯಾನ್, ಎಸಿಗಳ ಜೊತೆಗೆ ಇಷ್ಟು ಹೊರೆಯನ್ನು ಹೊರುತ್ತದೆ, ಇದಕ್ಕಿಂತ ಹೆಚ್ಚು ಹೇರಬೇಡಿ.

ವೈರ್ ಶುದ್ಧ ತಾಮ್ರದ್ದೇ ಆಗಿರಲಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ಕಿಟ್‌ಗಳು ಬಿಸಿಯಾಗುತ್ತವೆ, ತೇವದಲ್ಲಿ ತುದಿಗಳು ಪುಡಿಯಾಗುತ್ತವೆ. ಕರೆಂಟಿಗೆ 8 ಗೇಜ್ ಅಥವಾ 10 ಚದರ ಮಿಲಿಮೀಟರ್, ಸ್ಪೀಕರಿಗೆ 2.5 ಚದರ ಮಿಲಿಮೀಟರ್, ಒಂದು 30 ಆಂಪಿಯರ್ ಫ್ಯೂಸ್.

ಕೆಲಸಕ್ಕೆ ಮುನ್ನ ನೀರು ನೋಡಿ

ಛಾವಣಿಯ ಮೇಲೆ ಬಿದ್ದ ಮಳೆನೀರು ಸೀಟುಗಳ ಹಿಂದೆ ಎರಡೂ ಮೂಲೆಗಳಲ್ಲಿರುವ ಕೊಳವೆಗಳ ಮೂಲಕ ಹಿಂದಿನ ಚಕ್ರಗಳ ಮುಂದೆ ಹೊರಬೀಳುತ್ತದೆ. ಎಲೆ, ಕಸ ಸೇರಿ ಕೊಳವೆ ಕಟ್ಟಿಕೊಂಡರೆ ನೀರು ಕ್ಯಾಬಿನ್ನಿನ ನೆಲಕ್ಕೂ ಬಾಗಿಲ ಕೆಳಗಿನ ಪೆಟ್ಟಿಗೆಭಾಗಕ್ಕೂ ಇಳಿಯುತ್ತದೆ. ಈ ಕಾರುಗಳನ್ನು ಕೊಲ್ಲುವ ತುಕ್ಕಿನ ಬಹುಪಾಲು ಅಲ್ಲೇ ಹುಟ್ಟುತ್ತದೆ. ಒಂದು ಲೋಟ ನೀರು ಸುರಿದು ಕೆಳಗೆ ಬರುತ್ತದೆಯೇ ನೋಡಿ. ಬಾರದಿದ್ದರೆ ಮೃದುವಾದ ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ. ಕಾರ್ಪೆಟ್ಟಿನ ಕೆಳಗೆ ಕೈಯಿಟ್ಟು ತೇವ ಇದೆಯೇ ಎಂದೂ ನೋಡಿ. ಒದ್ದೆ ನೆಲದ ಮೇಲೆ ಪೆಟ್ಟಿಗೆ ಕೂರಿಸಿದರೆ ತುಕ್ಕನ್ನು ಮುಚ್ಚಿಟ್ಟು ಸಾಕಿದಂತಾಗುತ್ತದೆ.

ಇನ್ನೊಂದು ಎಚ್ಚರ. 1990ರಿಂದ 1993ರವರೆಗಿನ, ಎಡಗಡೆ ಸ್ಟಿಯರಿಂಗ್ ಇರುವ 1.6 ಲೀಟರ್ ಕಾರುಗಳಲ್ಲಿ ಎಂಜಿನ್ನಿನ ಕಂಪ್ಯೂಟರ್ ಇದೇ ಕಾಲ್ಕುಳಿಯಲ್ಲಿ, ಕಾರ್ಪೆಟ್ಟಿನ ಅಡಿ, ಲೋಹದ ತಟ್ಟೆಯ ಹಿಂದೆ ಇದೆ. ನಂತರದ ಕಾರುಗಳಲ್ಲಿಯೂ ಬಲಗಡೆ ಸ್ಟಿಯರಿಂಗ್‌ನವುಗಳಲ್ಲಿಯೂ ಜಾಗ ಬೇರೆ, ಆದ್ದರಿಂದ ಕಾರ್ಪೆಟ್ ಎತ್ತಿ ಕಣ್ಣಾರೆ ನೋಡಿ. ನಾನು ಇಲ್ಲಿ ವಿವರಿಸುತ್ತಿರುವುದು ಎಡಗಡೆ ಸ್ಟಿಯರಿಂಗ್‌ನ 1.6 ಲೀಟರ್ ಕಾರನ್ನು. ಅಲ್ಲಿ ಸ್ಕ್ರೂ ಹೊಡೆಯಬಾರದು ಎಂಬುದಕ್ಕೆ ಬೇರೆ ಕಾರಣ ಬೇಕಿಲ್ಲ.

ಪೆಟ್ಟಿಗೆ ಕಟ್ಟುವುದು

ಈ ಕುಳಿಯಲ್ಲಿ ಒಂದೂ ನೇರ ಗೆರೆಯಿಲ್ಲ. ಹಲಗೆಯ ಪೆಟ್ಟಿಗೆ ಕೂರದು. ಫೈಬರ್‌ಗ್ಲಾಸ್ ಒಂದೇ ದಾರಿ. ಬೇಕಾದವು: ಚದರ ಮೀಟರಿಗೆ 450 ಗ್ರಾಂ ತೂಗುವ ಫೈಬರ್‌ಗ್ಲಾಸ್ ಚಾಪೆ, ಪಾಲಿಯೆಸ್ಟರ್ ರೆಸಿನ್, ಅದರ ಹಾರ್ಡನರ್, ಅಲ್ಯೂಮಿನಿಯಂ ಹಾಳೆ, ಮಾಸ್ಕಿಂಗ್ ಟೇಪ್, 18 ಮಿಲಿಮೀಟರಿನ ಮೆರೈನ್ ಪ್ಲೈವುಡ್, ಹಿಗ್ಗುವ ಫ್ಲೀಸ್ ಬಟ್ಟೆ, ಪುಟ್ಟಿ, ಉಜ್ಜುಕಾಗದ.

ರೆಸಿನ್ನಿನಿಂದ ಏಳುವ ಸ್ಟೈರೀನ್ ಆವಿ ತಲೆ ಸುತ್ತಿಸುತ್ತದೆ. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ರಾಸಾಯನಿಕ ಆವಿಗೆಂದೇ ಇರುವ ಕಾರ್ಟ್ರಿಜ್ ಮಾಸ್ಕ್, ನೈಟ್ರೈಲ್ ಕೈಗವಸು, ಕನ್ನಡಕ ಹಾಕಿಕೊಂಡು ಬಯಲಿನಲ್ಲಿ ಕೆಲಸ ಮಾಡಿ. ಭಾರತದ ಅಂಗಡಿಗಳಲ್ಲಿ ರೆಸಿನ್, ಕೋಬಾಲ್ಟ್ ಆಕ್ಸಿಲರೇಟರ್, ಹಾರ್ಡನರ್ ಮೂರನ್ನೂ ಬೇರೆಬೇರೆ ಬಾಟಲಿಗಳಲ್ಲಿ ಕೊಡುವುದುಂಟು. ಕೋಬಾಲ್ಟನ್ನು ಮೊದಲು ರೆಸಿನ್ನಿಗೆ ಪೂರ್ತಿ ಕಲಸಿ, ಆಮೇಲೆ ಮಾತ್ರ ಹಾರ್ಡನರ್ ಹಾಕಿ. ಕೋಬಾಲ್ಟನ್ನೂ ಹಾರ್ಡನರನ್ನೂ ನೇರವಾಗಿ ಬೆರೆಸಿದರೆ ಸ್ಫೋಟವಾಗುತ್ತದೆ. ಬಾಟಲಿಗಳನ್ನು ಅಕ್ಕಪಕ್ಕ ಇಡಲೂ ಬೇಡಿ.

1. ಪ್ರಯಾಣಿಕರ ಸೀಟನ್ನು ಬಿಚ್ಚಿ ಹೊರಗಿಡಿ. ಕಾರ್ಪೆಟ್ ಹಾಗೇ ಇರಲಿ, ಅದರ ಮೇಲೆಯೇ ಅಚ್ಚು ತೆಗೆಯುತ್ತೇವೆ. ಇಡೀ ಕುಳಿಗೆ ದಪ್ಪ ಪ್ಲಾಸ್ಟಿಕ್ ಹಾಸಿ, ಮೇಲೆ ಮಾಸ್ಕಿಂಗ್ ಟೇಪನ್ನು ಎರಡು ಪದರ ಅಂಟಿಸಿ, ಅದರ ಮೇಲೆ ಅಲ್ಯೂಮಿನಿಯಂ ಹಾಳೆಯನ್ನು ಸುಕ್ಕಿಲ್ಲದಂತೆ ಒತ್ತಿ, ಕಾರಿಗೆ ಹಚ್ಚುವ ಮೇಣವನ್ನು ಹಾಳೆಗೆ ಸವರಿ. ಅಚ್ಚಿನ ಗಡಿಗಿಂತ ಕಡೇಪಕ್ಷ ಒಂದಡಿ ಆಚೆಯವರೆಗೂ ಮುಚ್ಚಿರಬೇಕು. ರೆಸಿನ್ ಹನಿ ಬಿದ್ದ ಕಾರ್ಪೆಟ್ ಮತ್ತೆ ಸರಿಹೋಗುವುದಿಲ್ಲ.

2. ಚಾಪೆಯನ್ನು ಅಂಗೈಯಗಲದ ತುಂಡುಗಳಾಗಿ ಹರಿಯಿರಿ, ಕತ್ತರಿಸಬೇಡಿ. ಹರಿದ ಅಂಚು ಪಕ್ಕದ ತುಂಡಿನೊಳಗೆ ಚೆನ್ನಾಗಿ ಬೆಸೆಯುತ್ತದೆ. 300 ಮಿಲಿಲೀಟರ್ ರೆಸಿನ್ನಿಗೆ 3ರಿಂದ 6 ಮಿಲಿಲೀಟರ್ ಹಾರ್ಡನರ್, ಅಂದರೆ ಶೇ 1ರಿಂದ 2. ಸೆಖೆಯ ದಿನ ಕಡಿಮೆ, ಚಳಿಯ ದಿನ ಹೆಚ್ಚು. ಒಮ್ಮೆಗೆ ಇದಕ್ಕಿಂತ ಹೆಚ್ಚು ಕಲಸಬೇಡಿ: ಕಾಲು ಗಂಟೆಯಲ್ಲಿ ಗಟ್ಟಿಯಾಗುತ್ತದೆ, ದೊಡ್ಡ ಪಾತ್ರೆಯಲ್ಲಿ ತನ್ನ ಶಾಖಕ್ಕೆ ತಾನೇ ಹೊಗೆಯಾಡುತ್ತದೆ.

3. ಬ್ರಷ್ಷಿನಿಂದ ಕುಟ್ಟುತ್ತಾ ಎರಡು ಪದರ ಹಾಕಿ ರಾತ್ರಿಯಿಡೀ ಬಿಡಿ. ಕಾರಿನ ಬಾಗಿಲು, ಛಾವಣಿ ತೆರೆದೇ ಇರಲಿ. ಮರುದಿನ ಚಿಪ್ಪನ್ನು ಎತ್ತಿ ಹೊರತಂದು ಉಳಿದ ಎರಡು ಮೂರು ಪದರಗಳನ್ನು ಬಯಲಿನಲ್ಲೇ ಹಾಕಿ. ಗೋಡೆ 5ರಿಂದ 6 ಮಿಲಿಮೀಟರ್ ದಪ್ಪವಾಗಬೇಕು. ಬೆರಳಿನಿಂದ ಬಡಿದಾಗ ಡಬ್ಬಿಯಂತೆ ಟಣ್ ಎನ್ನದೆ, ಮಂಕಾಗಿ ಟಕ್ ಎನ್ನಬೇಕು.

4. ಪ್ಲೈವುಡ್ಡಿನಲ್ಲಿ ಸ್ಪೀಕರಿನ ಉಂಗುರ ಕೊಯ್ಯಿರಿ. ಚಿಪ್ಪಿನೊಳಗೆ ಮರದ ಗೂಟಗಳನ್ನು ಅಂಟಿಸಿ ಉಂಗುರವನ್ನು ಅವುಗಳ ಮೇಲೆ ನಿಲ್ಲಿಸಿ. ಅಯಸ್ಕಾಂತದ ಬೆನ್ನಿಗೂ ಚಿಪ್ಪಿಗೂ ನಡುವೆ ಕಡೇಪಕ್ಷ 15 ಮಿಲಿಮೀಟರ್ ಗಾಳಿ ಇರಬೇಕು. ಉಂಗುರವನ್ನು ಸೀಟಿನ ಕಡೆಗೆ ತುಸು ಬಾಗಿಸಿ. ಹಿಮ್ಮಡಿ ಊರುವ ಜಾಗದಿಂದ ಮೇಲಕ್ಕಿದ್ದಷ್ಟೂ ಒಳ್ಳೆಯದು.

5. ಫ್ಲೀಸ್ ಬಟ್ಟೆಯನ್ನು ಉಂಗುರದ ಮೇಲಿಂದ ಚಿಪ್ಪಿನ ಅಂಚಿನವರೆಗೆ ಬಿಗಿಯಾಗಿ ಎಳೆದು ಸ್ಟೇಪಲ್ ಮಾಡಿ, ರೆಸಿನ್ ಕುಡಿಸಿ. ಗಟ್ಟಿಯಾದ ಮೇಲೆ ಉಂಗುರದ ರಂಧ್ರದಿಂದ ಕೈಹಾಕಿ ಒಳಗಡೆ ಮೂರು ಪದರ ಚಾಪೆ. ಬೇಸರದ ಕೆಲಸ, ಆದರೆ ಬಹಳ ಮಂದಿ ಅವಸರ ಮಾಡುವುದೂ ಪೆಟ್ಟಿಗೆ ಸೋರುವುದೂ ಇಲ್ಲಿಯೇ. ಚಿಪ್ಪೂ ಬಟ್ಟೆಯೂ ಸೇರುವ ಅಂಚಿಗೆ ಒಂದು ಪದರ ಹೆಚ್ಚೇ ಹಾಕಿ.

6. ಗಾತ್ರ ಅಳೆಯಿರಿ. ಅಡುಗೆಮನೆಯ ಲೀಟರ್ ಅಳತೆಯಲ್ಲಿ ಅಕ್ಕಿಯನ್ನು ಎಣಿಸುತ್ತಾ ಪೆಟ್ಟಿಗೆಯೊಳಗೆ ತುಂಬಿ, ಸ್ಪೀಕರ್ ಆಕ್ರಮಿಸುವ ಗಾತ್ರವನ್ನು ಕಳೆಯಿರಿ. ಆ ಅಕ್ಕಿಯನ್ನು ಮತ್ತೆ ಅನ್ನಕ್ಕೆ ಬಳಸಬೇಡಿ. ಒಂದು ಲೀಟರ್ ಕಡಿಮೆ ಬಂದರೆ ಚಿಂತೆಯಿಲ್ಲ, ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಸಡಿಲವಾಗಿ ಹಾಕಿದರೆ ಪೆಟ್ಟಿಗೆ ಸ್ವಲ್ಪ ದೊಡ್ಡದಾದಂತೆಯೇ ನಡೆದುಕೊಳ್ಳುತ್ತದೆ.

7. ಹೊರಮೈಗೆ ಪುಟ್ಟಿ ಹಚ್ಚಿ, ಉಜ್ಜಿ, ಕಾರಿನದೇ ಬಣ್ಣದ ಕಾರ್ಪೆಟ್ ಅಂಟಿಸಿ. ಸ್ಪೀಕರನ್ನು ಮರದ ಸ್ಕ್ರೂಗಳಿಂದ ಬಿಗಿಯದೆ, ಉಂಗುರದ ಹಿಂದೆ ಟಿ-ನಟ್ (ಮರಕ್ಕೆ ಕಚ್ಚಿಕೊಳ್ಳುವ ಹಲ್ಲುಗಳಿರುವ ನಟ್) ಕೂರಿಸಿ ಬೋಲ್ಟ್ ಹಾಕಿ. ನಡುವೆ ಫೋಮ್ ಪಟ್ಟಿ. ಮೇಲೆ ಉಕ್ಕಿನ ಜಾಲರಿ ಕಡ್ಡಾಯ, ಪ್ರಯಾಣಿಕರ ಶೂ ಅಲ್ಲೇ ಊರುತ್ತದೆ. ಜಾಲರಿಗೂ ಶಂಕಿಗೂ ನಡುವೆ, ಶಂಕು ಪೂರ್ತಿ ಮುಂದೆ ಬಂದಾಗಲೂ ತಾಗದಷ್ಟು ಅಂತರ ಬಿಡಿ.

ಸ್ಪೀಕರ್ ಬಿಗಿದ ಮೇಲೆ ಶಂಕನ್ನು ಎರಡೂ ಅಂಗೈಗಳಿಂದ ಮೆಲ್ಲಗೆ ಒತ್ತಿ ಬಿಡಿ. ಒಳಗಿನ ಗಾಳಿ ತಡೆದು, ಶಂಕು ನಿಧಾನವಾಗಿ ಮರಳಬೇಕು. ತಡೆಯೇ ಇಲ್ಲದಂತೆ ಚಲಿಸಿದರೆ ಎಲ್ಲೋ ಸೋರುತ್ತಿದೆ. ಅಂಚುಗಳಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ.

ಇನ್ನು ಹಿಡಿತ. ಅಪಘಾತವಾದರೆ ಈ ಪೆಟ್ಟಿಗೆ ಹಾರಿ ಕಾಲಿಗೆ ಬಡಿಯಬಾರದು. ಕಂಪ್ಯೂಟರನ್ನು ಮುಚ್ಚಿರುವ ತಟ್ಟೆಯ ಮೇಲಿನ ನಟ್‌ಗಳ ಅಡಿ 3 ಮಿಲಿಮೀಟರ್ ದಪ್ಪದ ಎರಡು ಉಕ್ಕಿನ ಪಟ್ಟಿಗಳನ್ನು ಸೇರಿಸಿ, ಕಾರ್ಪೆಟ್ಟಿನ ಮೇಲಂಚಿನ ಮೇಲಿಂದ ಹೊರತಂದು ಪೆಟ್ಟಿಗೆಯ ತಲೆಗೆ ಬೋಲ್ಟ್ ಮಾಡಿ. ಬುಡ ನೆಲದ ಇಳಿಜಾರಿಗೆ ತಾನೇ ಕಚ್ಚಿಕೊಳ್ಳುತ್ತದೆ. ಕಾರ್ಪೆಟ್ಟೂ ಉಳಿಯಿತು, ಹೊಸ ರಂಧ್ರವೂ ಇಲ್ಲ, ಕಂಪ್ಯೂಟರ್ ನೋಡಬೇಕಾದಾಗ ಎರಡು ಬೋಲ್ಟ್ ಬಿಚ್ಚಿದರೆ ಪೆಟ್ಟಿಗೆ ಕೈಗೆ ಬರುತ್ತದೆ.

ವೈರಿಂಗ್

ಈ ಕಾರಿನ ಬ್ಯಾಟರಿ ಬಾನೆಟ್ಟಿನ ಕೆಳಗಿಲ್ಲ, ಡಿಕ್ಕಿಯ ಬಲಮೂಲೆಯಲ್ಲಿದೆ. ತೂಕ ಹಂಚಲು ಮಾಡಿದ ಈ ಏರ್ಪಾಡು ನಮಗೆ ವರವಾಗುತ್ತದೆ. ಆಂಪ್ಲಿಫೈಯರನ್ನು ಡಿಕ್ಕಿಯಲ್ಲೇ ಇಟ್ಟರೆ ದಪ್ಪ ಕರೆಂಟ್ ವೈರ್ ಒಂದು ಮೀಟರಿಗಿಂತ ಉದ್ದವಾಗುವುದಿಲ್ಲ, ಕ್ಯಾಬಿನ್ನಿನೊಳಗೆ ಬರುವುದೇ ಇಲ್ಲ. ಸ್ಟೀರಿಯೊದಿಂದ ಆಂಪ್ಲಿಫೈಯರಿಗೆ ಸಂಕೇತ ಒಯ್ಯುವ ಆರ್‌ಸಿಎ ಕೇಬಲ್ಲಿನ ಪಕ್ಕ ಕರೆಂಟ್ ಓಡದಿದ್ದರೆ ಎಂಜಿನ್ ವೇಗದೊಂದಿಗೆ ಏರಿಳಿಯುವ ಆ ಕೀರಲು ಸದ್ದಿನ ಕಾಟ ಬಹುಮಟ್ಟಿಗೆ ತಪ್ಪುತ್ತದೆ.

ಮೊದಲು ಬ್ಯಾಟರಿಯ ಮೈನಸ್ ಕಳಚಿ. ಈ ಕಾರಿಗೆ ಬರುತ್ತಿದ್ದುದು ಪೂರ್ತಿ ಮುಚ್ಚಿದ, ಅನಿಲವನ್ನು ಕೊಳವೆಯಲ್ಲಿ ಹೊರಬಿಡುವ ಬ್ಯಾಟರಿ. ಹಿಂದಿನ ಮಾಲೀಕರು ಸಾಮಾನ್ಯ ಬ್ಯಾಟರಿ ಹಾಕಿದ್ದರೆ ಅದನ್ನು ಬದಲಿಸಿ. ಮುಚ್ಚಿದ ಡಿಕ್ಕಿಯಲ್ಲಿ ಹೈಡ್ರೋಜನ್ ಸೇರಿರುವಾಗ ಆಂಪ್ಲಿಫೈಯರಿನ ವೈರ್ ಜೋಡಿಸಿದರೆ ಒಂದು ಕಿಡಿ ಸಾಕು. ಪ್ಲಸ್ ವೈರಿನ ಫ್ಯೂಸ್ ಬ್ಯಾಟರಿಯಿಂದ 45 ಸೆಂಟಿಮೀಟರಿನೊಳಗೆ ಇರಬೇಕು, ಹತ್ತಿರವಾದಷ್ಟೂ ಒಳ್ಳೆಯದು. ಫ್ಯೂಸ್ ಕಾಯುವುದು ಆಂಪ್ಲಿಫೈಯರನ್ನಲ್ಲ, ವೈರನ್ನು. ಮೈನಸ್ಸನ್ನು ಬ್ಯಾಟರಿಯ ಅರ್ಥ್ ಬೋಲ್ಟಿಗೇ ಕೊಡಿ.

ಆಂಪ್ಲಿಫೈಯರನ್ನು ಪ್ಲೈವುಡ್ ಹಲಗೆಗೆ ಬಿಗಿದು, ಹಲಗೆಯನ್ನು ಡಿಕ್ಕಿಯಲ್ಲಿ ಮೊದಲೇ ಇರುವ ಬೋಲ್ಟ್‌ಗಳಿಗೆ ಹಿಡಿಸಿ, ಸುತ್ತ ಗಾಳಿಯಾಡಲಿ. ಡಿಕ್ಕಿಯ ಮುಂಗೋಡೆಗೆ ಸ್ಕ್ರೂ ಬೇಡವೇ ಬೇಡ, ಹಿಂದೆ ಟ್ಯಾಂಕ್ ಇದೆ; ಎಡಬದಿಯಲ್ಲಿ ಪೆಟ್ರೋಲ್ ತುಂಬುವ ಕೊಳವೆಯೂ ಹಾದುಹೋಗುತ್ತದೆ.

ಆರ್‌ಸಿಎ, ರಿಮೋಟ್ (ಸ್ಟೀರಿಯೊ ಜೊತೆಗೇ ಆಂಪ್ಲಿಫೈಯರನ್ನು ಚಾಲೂ ಮಾಡುವ ವೈರ್), ಸ್ಪೀಕರ್ ವೈರ್‌ಗಳು ಡಿಕ್ಕಿಯಿಂದ ಮುಂದೆ ಹೋಗಲು ಕಾರಿನ ಮೂಲ ವೈರಿಂಗ್ ಹಾದುಹೋಗುವ ರಬ್ಬರ್ ಗ್ರಾಮೆಟ್ಟನ್ನೇ (ಲೋಹದ ರಂಧ್ರದ ಅಂಚಿಗೆ ಕೂತ ರಬ್ಬರ್ ಉಂಗುರ) ಬಳಸಿ, ಬಾಗಿಲ ಹೊಸ್ತಿಲ ಪಟ್ಟಿಯ ಕೆಳಗೆ ಮುಂದಕ್ಕೊಯ್ಯಿರಿ. ಸ್ಟೀರಿಯೊ ತಲುಪಲು ನಡುವಿನ ಎರಡು ಗುಂಡನೆಯ ಗಾಳಿದ್ವಾರಗಳನ್ನು ಹೊರಗೆಳೆದು ಒಳಗಿನ ಹಿಡಿತಗಳನ್ನು ಬಿಡಿಸಬೇಕು. ಪ್ಲಾಸ್ಟಿಕ್ಕಿಗೆ ವಯಸ್ಸಾಗಿದೆ, ಬಿಸಿಲಿನಲ್ಲಿ ಕಾರು ಬೆಚ್ಚಗಾದ ಮೇಲೆ ತೆಗೆದರೆ ಮುರಿಯುವ ಸಂಭವ ಕಡಿಮೆ. ಮೂಲ ಕ್ಯಾಸೆಟ್ ಸ್ಟೀರಿಯೊ ಉಳಿಸಿಕೊಳ್ಳುವ ಆಸೆಯಿದ್ದರೆ, ಸ್ಪೀಕರ್ ವೈರಿನಿಂದಲೇ ಸಂಕೇತ ತೆಗೆದುಕೊಳ್ಳುವ ಆಂಪ್ಲಿಫೈಯರ್ ಕೊಳ್ಳಿ. ಉಳಿಸಿಕೊಳ್ಳಿ ಎಂದೇ ನನ್ನ ಸಲಹೆ. ಹೊಸದು ಹಾಕುವುದಾದರೆ ಮೂಲ ಕನೆಕ್ಟರನ್ನು ಕತ್ತರಿಸದೆ ಹೊಂದಿಸುವ ಅಡಾಪ್ಟರ್ ಸಿಗುತ್ತದೆ, ಅದನ್ನೇ ಬಳಸಿ.

ಶ್ರುತಿ

ಸ್ಟೀರಿಯೊದ ಸಂಕೇತಕ್ಕೆ ಆಂಪ್ಲಿಫೈಯರನ್ನು ಹೊಂದಿಸುವ ಗೇನ್ ಗುಂಡಿಯನ್ನು ಧ್ವನಿಯ ಗುಂಡಿ ಎಂದು ತಿಳಿದು ತಿರುಗಿಸುವವರು ಸ್ಪೀಕರ್ ಸುಡುತ್ತಾರೆ. ಅದನ್ನು ಮಲ್ಟಿಮೀಟರಿನಿಂದ ಹೊಂದಿಸಿ. ವ್ಯಾಟ್ ಮತ್ತು ಓಮ್ ಗುಣಿಸಿ ವರ್ಗಮೂಲ ತೆಗೆಯಿರಿ: 200 ವ್ಯಾಟ್, 4 ಓಮ್ ಆದರೆ 28.3 ವೋಲ್ಟ್, 150 ವ್ಯಾಟ್, 2 ಓಮ್ ಆದರೆ 17.3. ಸ್ಪೀಕರ್ ವೈರ್ ಕಳಚಿ, ಎಂಜಿನ್ ಚಾಲೂ ಮಾಡಿ, ಸ್ಟೀರಿಯೊದಲ್ಲಿ ಬಾಸ್ ಏರಿಕೆಗಳನ್ನೆಲ್ಲ ಆಫ್ ಮಾಡಿ, ಧ್ವನಿಯನ್ನು ಮುಕ್ಕಾಲಿಗೆ ಇಟ್ಟು 50 ಹರ್ಟ್ಸ್ ಪರೀಕ್ಷಾ ಸ್ವರ ನುಡಿಸಿ. ಮಲ್ಟಿಮೀಟರನ್ನು ಎಸಿ ವೋಲ್ಟ್‌ನಲ್ಲಿಟ್ಟು, ಆ ಸಂಖ್ಯೆ ಬರುವವರೆಗೆ ಗೇನ್ ಏರಿಸಿ ನಿಲ್ಲಿಸಿ. ಆಂಪ್ಲಿಫೈಯರ್ ಆಫ್ ಮಾಡಿ ಸ್ಪೀಕರ್ ಜೋಡಿಸಿ.

ಸಬ್‌ವೂಫರಿಗೆ 80 ಹರ್ಟ್ಸ್‌ಗಿಂತ ಕೆಳಗಿನದು ಮಾತ್ರ ಹೋಗಲಿ. ಸ್ಟೀರಿಯೊದಲ್ಲಿ ಸೌಲಭ್ಯವಿದ್ದರೆ ಬಾಗಿಲಿನ ಸ್ಪೀಕರ್‌ಗಳಿಗೆ ಅದಕ್ಕಿಂತ ಮೇಲಿನದು ಮಾತ್ರ. ಎರಡನೆಯದನ್ನು ಬಿಡಬೇಡಿ. ಮಂದ್ರದ ಹೊರೆ ಇಳಿದೊಡನೆ ಬಾಗಿಲಿನ ಹಳೆಯ ಸ್ಪೀಕರ್‌ಗಳೇ ಎಷ್ಟು ಸ್ವಚ್ಛವಾಗಿ ಹಾಡುತ್ತವೆ ಎಂಬುದು ಆಗ ತಿಳಿಯುತ್ತದೆ. ಫೇಸ್ ಸ್ವಿಚ್ಚನ್ನು (ಶಂಕಿನ ಚಲನೆಯ ದಿಕ್ಕನ್ನು ತಿರುಗಿಸುವ ಸ್ವಿಚ್) ಸೊನ್ನೆ ಮತ್ತು 180 ಡಿಗ್ರಿಯಲ್ಲಿಟ್ಟು ಚಾಲಕರ ಸೀಟಿನಿಂದ ಕೇಳಿ; ಮಂದ್ರ ತುಂಬಿ ಬರುವ ಕಡೆ ಬಿಡಿ.

ಕಿವಿಯ ಪರೀಕ್ಷೆಗೆ ನಾನು ಮೃದಂಗದ ತನಿ ಆವರ್ತನವನ್ನು ಹಾಕುತ್ತೇನೆ. ಎಡಮುಖದ ಗುಂಕಾರ ಜಾರುತ್ತಾ ಏರುವಾಗ ಯಾವ ಸ್ವರವೂ ಒಮ್ಮೆಲೇ ಉಬ್ಬಬಾರದು, ಪೆಟ್ಟು ನಿಂತಾಗ ಸದ್ದೂ ನಿಲ್ಲಬೇಕು. ಆಮೇಲೆ ಡೊಳ್ಳು ಕುಣಿತದ ಒಂದು ಒಳ್ಳೆಯ ಧ್ವನಿಮುದ್ರಣ: ಹತ್ತಾರು ಡೊಳ್ಳುಗಳು ಒಟ್ಟಿಗೆ ಬಿದ್ದಾಗಲೂ ಪ್ರತಿ ಪೆಟ್ಟು ಬಿಡಿಬಿಡಿಯಾಗಿ ಕೇಳಬೇಕು. ಕಲಸಿಹೋದರೆ ಪೆಟ್ಟಿಗೆಗೆ ಹತ್ತಿ ಇನ್ನಷ್ಟು ಹಾಕಿ, ಅಥವಾ ಸಬ್‌ವೂಫರಿನ 80 ಹರ್ಟ್ಸ್ ಗಡಿಯನ್ನು 70 ಹರ್ಟ್ಸ್‌ಗೆ ಇಳಿಸಿ.

ಛಾವಣಿ ಮುಚ್ಚಿದ ಕಾರೂ ತೆರೆದ ಕಾರೂ ಶಬ್ದದ ಮಟ್ಟಿಗೆ ಎರಡು ಬೇರೆ ಕೋಣೆಗಳು. ಮುಚ್ಚಿದಾಗ ಚಿಕ್ಕ ಕ್ಯಾಬಿನ್ ತಾನೇ ಆಳದ ಮಂದ್ರವನ್ನು ಹೆಚ್ಚಿಸಿಕೊಡುತ್ತದೆ. ತೆರೆದೊಡನೆ ಆ ಸಹಾಯ ಹೋಗುತ್ತದೆ, ಗಾಳಿಯ ಸದ್ದು ಸೇರುತ್ತದೆ. ಆದ್ದರಿಂದ ಮಂದ್ರದ ಮಟ್ಟ ಬದಲಿಸುವ ತಂತಿಯ ಗುಂಡಿಯಿರುವ ಆಂಪ್ಲಿಫೈಯರನ್ನೇ ಆರಿಸಿ, ಗುಂಡಿಯನ್ನು ಡ್ಯಾಶ್‌ಬೋರ್ಡಿನ ಅಡಿ ಕೈಗೆ ಸಿಗುವಂತೆ ಎರಡು ಬದಿ ಅಂಟಿನ ಟೇಪಿನಲ್ಲಿ ಕೂರಿಸಿ. ಗೇನ್ ಹೊಂದಿಸುವಾಗ ಈ ಗುಂಡಿ ಗರಿಷ್ಠದಲ್ಲಿರಲಿ, ಮುಚ್ಚಿ ಓಡಿಸುವಾಗ ಇಳಿಸಿಕೊಳ್ಳಿ.

ಮೊದಲ ದೊಡ್ಡ ಓಡಾಟದ ನಂತರ ಡಿಕ್ಕಿ ತೆರೆದು ಫ್ಯೂಸಿನ ಹಿಡಿಕೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾರದಷ್ಟು ಬಿಸಿಯಾಗಿದ್ದರೆ ವೈರಿನ ತುದಿಯ ಲಗ್ ಸಡಿಲವಾಗಿದೆ, ಮತ್ತೆ ಕ್ರಿಂಪ್ ಮಾಡಿ (ಅದುಮಿ ಬಿಗಿಯಿರಿ). ಒಂದು ತಿಂಗಳು ಕಳೆದ ಮೇಲೆ ಸ್ಪೀಕರಿನ ಬೋಲ್ಟ್‌ಗಳನ್ನೂ ಪೆಟ್ಟಿಗೆ ಹಿಡಿದ ಪಟ್ಟಿಯ ನಟ್‌ಗಳನ್ನೂ ಇನ್ನೊಮ್ಮೆ ಬಿಗಿಯಿರಿ, ಕಂಪನಕ್ಕೆ ಅವು ಸಡಿಲವಾಗುತ್ತವೆ. ಜೋರು ಮಳೆ ಬಂದ ಮರುದಿನ ಪೆಟ್ಟಿಗೆಯ ಬುಡದ ಕಾರ್ಪೆಟ್ಟನ್ನು ಮುಟ್ಟಿ ನೋಡುವುದನ್ನು ರೂಢಿ ಮಾಡಿಕೊಳ್ಳಿ.